ಗಾಳಿ, ಕಾಳಿ ಮತ್ತು ಕೆನಡಾದ ಇಬ್ಬರು

ಕೆನಡಾದ ಬಗ್ಗೆ ನನಗೆ ಗೊತ್ತಿರುವುದು ಎರಡೇ: ಅಲ್ಲಿ ವಿಪರೀತ ಚಳಿ, ಮತ್ತು ಅಲ್ಲಿನ ಇಬ್ಬರ ದೆಸೆಯಿಂದ ನಾನು ಕನ್ನಡ ಬರೆಯಲು ಕಲಿತೆ. ಎರಡನೆಯದನ್ನು ಯಾರೂ ನಂಬುವುದಿಲ್ಲ, ಆದ್ದರಿಂದ ವಿವರಿಸಬೇಕು.

ತೊಂಬತ್ತರ ದಶಕದ ಕೊನೆ. ಕೊಡೈಕಾನಲ್ಲಿನ ಹೋಟೆಲಿನಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪ, ಯಾರೋ ಪ್ರವಾಸಿ ಬಿಟ್ಟುಹೋದ ಕ್ಯಾಸೆಟ್ಟೊಂದನ್ನು ತಮಿಳು ಸೀಮೆಯ ಕಣಿವೆಯೊಂದರಲ್ಲಿರುವ ಕಾಮಯಗೌಂಡನ್‌ಪಟ್ಟಿಯ ನಮ್ಮ ಮನೆಗೆ ತಂದುಕೊಟ್ಟ. ಅದರಲ್ಲಿದ್ದವರೇ ಕೆನಡಾದ ಆ ಇಬ್ಬರು: ಒಬ್ಬ ತಾಳ ಕೂಡಿಸುತ್ತಾನೆ, ಇನ್ನೊಬ್ಬ ಅದಕ್ಕೆ ಸರಿಯಾಗಿ ಪಟಪಟನೆ ಮಾತಾಡುತ್ತಾನೆ. ಹಿಪ್ ಹಾಪ್ ಅಂತೆ. ಒಳಗಿದ್ದ ಮಡಿಚಿದ ಕಾಗದದಲ್ಲಿ ಅವರ ಚರಿತ್ರೆಯಿತ್ತು. ನಿಘಂಟು ಹಿಡಿದು ಓದಿದೆ. ಅವರ ದೇಶದಲ್ಲಿ ಈ ಬಗೆಯ ಹಾಡನ್ನು ಯಾರೂ ಕೇಳದಿದ್ದ ಕಾಲದಲ್ಲೇ ಶುರುಮಾಡಿದವರು. ಅಮೆರಿಕದವರ ಹಾಗೆ ಹಾಡಿದರೆ ರೆಕಾರ್ಡು ಮಾಡುತ್ತೇವೆ ಎಂದವರ ಮಾತಿಗೆ ಒಪ್ಪದೆ, ಅವರಲ್ಲೊಬ್ಬನ ಅಜ್ಜಿ ತಾನು ಹುಟ್ಟಿದ ದ್ವೀಪದಿಂದ ತಂದ ಮನೆಮಾತನ್ನೇ ಹಾಡಿಗೆ ಸೇರಿಸಿದರಂತೆ.

ಅಲ್ಲಿಗೆ ನನ್ನ ತಲೆ ಕೆಟ್ಟಿತು. ನಮಗೂ ಒಂದು ಮನೆಮಾತಿದೆ. ಹಿರಿಯರು ನೂರಾರು ವರ್ಷಗಳ ಹಿಂದೆ ಈ ಕಣಿವೆಗೆ ತಂದ ಕನ್ನಡ, ಈಗ ತಮಿಳಿನಲ್ಲಿ ಚೆನ್ನಾಗಿ ನೆನೆದಿದೆ. ಅಡುಗೆಮನೆ, ದ್ರಾಕ್ಷಿತೋಟ ಬಿಟ್ಟರೆ ಅದಕ್ಕೆ ಬೇರೆ ಓಡಾಟವಿಲ್ಲ. ಊರಿನ ಪೊಂಗಲ್ ಹಬ್ಬದ ಹಾಡಿನ ಸ್ಪರ್ಧೆಯಲ್ಲಿ ಅದರಲ್ಲೇ ಹಾಡುತ್ತೇನೆಂದು ಅಪ್ಪನ ತಾಯಿಗೆ, ನಾವು ಅವ್ವ ಎನ್ನುವ ಮುದುಕಿಗೆ ಹೇಳಿದೆ.

"ನೆಸಮಾ ಕಣ್ಣು? ನಮ್ ಮಾತು ಮೈಕ್ನಾಗೆ ಬರ್ತದಾ?" ಎಂದಳು. ನೆಸಮಾ ಎಂದರೆ ನಿಜವಾ; ಕಣ್ಣು ಎಂಬುದು ಮುದ್ದಿನ ಕರೆ. ಇಷ್ಟು ವರ್ಷದ ಬದುಕಿನಲ್ಲಿ ಒಮ್ಮೆಯೂ ಅದನ್ನು ಅವಳು ಮೈಕಿನಲ್ಲಿ ಕೇಳಿರಲಿಲ್ಲ. ಮರುದಿನದಿಂದ ಬೀದಿಗೆಲ್ಲ ಸಾರಿಕೊಂಡು ಬಂದಳು.

ಜೋಡಿಗೆ ಇನ್ನೊಬ್ಬ ಬೇಕಲ್ಲ. ಅತ್ತೆಯ ಮಗ ಸೆಲ್ವ ದಿಂಡಿಗಲ್ಲಿನಲ್ಲಿ ಬೆಳೆದವನು. ಮನೆಮಾತು ಅವನ ಕಿವಿಗೆ ಅರ್ಥವಾಗುತ್ತಿತ್ತು, ನಾಲಿಗೆಗೆ ಬರುತ್ತಿರಲಿಲ್ಲ. ಆದರೆ ಧೈರ್ಯವಿತ್ತು; ನನಗೆ ವೇದಿಕೆ ಎಂದರೆ ಭಯ. ಆದ್ದರಿಂದ ಮಾತು ಅವನದು, ಬಾಯಲ್ಲಿ ತಾಳ ನನ್ನದು. ಸಾಹಿತ್ಯಕ್ಕೆ ಕಷ್ಟಪಡಲಿಲ್ಲ. ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ಬೆಟ್ಟದಿಂದ ಗಾಳಿ ಇಳಿದಾಗ ಅವ್ವ ಕೂಗುತ್ತಿದ್ದುದನ್ನೇ ಎತ್ತಿಕೊಂಡೆ: "ಗಾಳಿ ಬಂತು, ಗಾಳಿ ಬಂತು, ಬಾಗಿಲು ಹಾಕು." ಇನ್‌ಲ್ಯಾಂಡ್ ಲೆಟರಿನಲ್ಲಿ ಬರೆದು ಅವನಿಗೆ ಕಳಿಸಿದೆ. ಕನ್ನಡ ಅಕ್ಷರ ನಮ್ಮಲ್ಲಿ ಯಾರಿಗೂ ಬರದು, ತಮಿಳು ಅಕ್ಷರದಲ್ಲೇ ಬರೆದೆ.

ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಪ, ಬ ಎರಡಕ್ಕೂ ಅಷ್ಟೆ. ತಮಿಳರು ಪದದ ಮೊದಲಲ್ಲಿ ಬಂದರೆ ಕ ಎಂದೇ, ಪ ಎಂದೇ ಓದುತ್ತಾರೆ; ನಕಾರದ ನಂತರ ಬಂದ ತ ಅವರ ಬಾಯಲ್ಲಿ ದ ಆಗುತ್ತದೆ. ಇಷ್ಟು ವ್ಯಾಕರಣ ನನಗೆ ಆಗಲೇ ಹೊಳೆದಿದ್ದರೆ ಈ ಪ್ರಬಂಧ ಹುಟ್ಟುತ್ತಿರಲಿಲ್ಲ.

ಸ್ಪರ್ಧೆಯ ದಿನ ಸೆಲ್ವನ ಬಸ್ಸು ತಡವಾಗಿ, ಒಮ್ಮೆಯೂ ಅಭ್ಯಾಸ ಮಾಡದೆ ಅವನು ನೇರ ವೇದಿಕೆಗೇ ಬಂದ. ಕಾಗದ ಬಿಡಿಸಿ ಶುರುಮಾಡಿದ: "ಕಾಳಿ ಪಂದು, ಕಾಳಿ ಪಂದು." ತಿದ್ದೋಣವೆಂದರೆ ನನ್ನ ಬಾಯಿ ತಾಳದಲ್ಲಿ ಸಿಕ್ಕಿಕೊಂಡಿತ್ತು. ತಾಳ ನಿಲ್ಲಿಸಿದರೆ ಹಾಡೇ ನಿಲ್ಲುತ್ತದೆ. ಮುಂದಿನ ಸಾಲಿನ ಹೆಂಗಸರು ಕಾಳಿಯ ಹೆಸರಿಗೆ ಕೈಮುಗಿದರು. ಪಂದು ಎಂದರೆ ತಮಿಳಿನಲ್ಲಿ ಚೆಂಡು; ದೇವಿಗೆ ಚೆಂಡೇಕೆಂದು ಹಿಂದೆ ಹುಡುಗರು ಚರ್ಚೆಗಿಳಿದರು. ನಾಲ್ಕು ನಿಮಿಷ. ಭಕ್ತಿಗೀತೆ ವಿಭಾಗದಲ್ಲಿ ನಮಗೆ ಎರಡನೇ ಬಹುಮಾನ ಬಂತು.

ಅವ್ವ ನಗಲಿಲ್ಲ, ಬೈಯಲೂ ಇಲ್ಲ. "ಪಾಟ್ಟು ಚೆಂದಾ ಇತ್ತು ಕಣ್ಣು," ಎಂದು ಹಾಡನ್ನು ಹೊಗಳಿದಳು. ಸ್ವಲ್ಪ ದೂರ ನಡೆದ ಮೇಲೆ, "ನಮ್ ಗಾಳಿ ಏಕ್ಡಾ ಬರ್ಲಿಲ್ಲ?" ಎಂದು ಕೇಳಿದಳು. ನನಗೆ ನಾಚಿಕೆಯಾಯಿತು. ಬಹುಮಾನದ ಸ್ಟೀಲ್ ಡಬ್ಬಿಯನ್ನು ಸೆಲ್ವನಿಗೇ ಕೊಟ್ಟುಬಿಟ್ಟೆ.

ಕೆನಡಾದ ಜೋಡಿಯೂ ಹೆಚ್ಚು ಕಾಲ ಬಾಳಲಿಲ್ಲವೆಂದು ಈಚೆಗೆ ಓದಿದೆ. ಇನ್ನೊಂದು ಕ್ಯಾಸೆಟ್ ತಂದರು, ಕೆಲವು ಊರು ಸುತ್ತಿದರು, ಬೇರೆಯಾದರು. ಒಬ್ಬ ಈಗ ಶಾಲೆಯ ಬಸ್ಸು ಓಡಿಸುತ್ತಾನಂತೆ. ನಮ್ಮ ಜೋಡಿಯ ನಾಲ್ಕು ನಿಮಿಷದ ಮುಂದೆ ಅದು ದೊಡ್ಡ ಆಯುಸ್ಸೇ.

ಆ ಪೊಂಗಲ್ಲಿನ ನಂತರ ಬೆಂಗಳೂರಿನ ಲಾರಿ ಡ್ರೈವರೊಬ್ಬನಿಂದ ಮಕ್ಕಳ ಕಾಗುಣಿತ ಪುಸ್ತಕ ತರಿಸಿಕೊಂಡೆ. ಮೂರು ತಿಂಗಳು ತಿದ್ದಿ, ಮೊದಲ ಸಾಲು ಬರೆದು ಅವ್ವನ ಮುಂದೆ ಹಿಡಿದೆ. ಅವಳಿಗೆ ಯಾವ ಲಿಪಿಯೂ ಬಾರದು. ಮೊದಲಿಗಿದ್ದ ಗಾ ಅಕ್ಷರದ ಮೇಲೆ ಬೆರಳಿಟ್ಟು, "ಓದು," ಎಂದಳು.

"ಗಾಳಿ ಬಂತು," ಎಂದು ಓದಿದೆ.

"ಹೂಂ, ಈಗ ಬಂತು," ಎಂದು ಎದ್ದುಹೋಗಿ ಬಾಗಿಲು ಹಾಕಿದಳು.