ಓಣಿ ಸುತ್ತಿದ ಕೋಳಿ

ಆಕೆಗೆ ಕೆಂಡದಕ್ಕ ಎಂಬ ಹೆಸರು ಬಿದ್ದದ್ದು ಇಸ್ತ್ರಿಪೆಟ್ಟಿಗೆಯಿಂದಲೋ ಸಿಟ್ಟಿನಿಂದಲೋ, ಓಣಿಯಲ್ಲಿ ಯಾರಿಗೂ ಖಚಿತವಿಲ್ಲ. ಎರಡೂ ತಣ್ಣಗಾದದ್ದನ್ನು ಕಂಡವರಿಲ್ಲ. ಮದುವೆಯಾಗಿ ಬಂದ ವರ್ಷವೇ ಮಾವನ ಇಸ್ತ್ರಿ ಮೇಜಿನ ಮುಂದೆ ನಿಂತವಳು. ಮಾವ ತೀರಿಕೊಂಡ, ಗಂಡ ಲಾರಿ ಹತ್ತಿ ಅಪರೂಪಕ್ಕೆ ಮುಖ ತೋರಿಸುವವನಾದ, ಆಕೆ ಮಾತ್ರ ಅಲ್ಲೇ ನಿಂತಿದ್ದಾಳೆ. ಕಂಡವರ ಅಂಗಿಯ ಸುಕ್ಕು ಬಿಡಿಸಿ ಬಿಡಿಸಿ ಮುಂಗೈ ತುಂಬ ಸುಟ್ಟ ಗೆರೆಗಳು. ಮನೆಯಲ್ಲಿ ಎರಡು ಮಕ್ಕಳು, ಒಬ್ಬ ಅತ್ತೆ.

ಆ ಅತ್ತೆಯ ಮೇಲೆ ಈ ವರ್ಷ ಆಕೆಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ದೇಶದ ಜನ ಈಗ ಏನು ತಿನ್ನುತ್ತಾರೆ, ಮೊದಲಿಗಿಂತ ಎಷ್ಟು ಬದಲಾಗಿದ್ದಾರೆ ಎಂದು ತಿಳಿಯಲು ಸರ್ಕಾರ ಮನೆಮನೆಗೆ ಜನರನ್ನು ಕಳಿಸಿತ್ತು. ಈ ಓಣಿಗೆ ಬಂದವಳು ಚೀಲದಲ್ಲಿ ತಕ್ಕಡಿ ಇಟ್ಟುಕೊಂಡ ಒಬ್ಬ ಹುಡುಗಿ. ಒಲೆಯ ಮೇಲಿದ್ದುದನ್ನು ತೂಗುವುದು, ನಿನ್ನೆ ತಿಂದದ್ದನ್ನು ಕೇಳಿ ಬರೆದುಕೊಳ್ಳುವುದು ಅವಳ ಕೆಲಸ. ಅಂದು ಇಡೀ ಓಣಿಯಲ್ಲಿ ಕೋಳಿ ಬೆಂದದ್ದು ಕೆಂಡದಕ್ಕನ ಮನೆಯಲ್ಲಿ ಮಾತ್ರ, ಜ್ವರ ಬಿಟ್ಟೆದ್ದ ಮಗನಿಗೆಂದು. ಹುಡುಗಿ ಅದನ್ನು ತೂಗಿ ಬರೆದುಕೊಂಡು ಮುಂಬಾಗಿಲು ದಾಟುತ್ತಲೇ ಅತ್ತೆ ಪಾತ್ರೆಯನ್ನು ಸೆರಗಿನಲ್ಲಿ ಮುಚ್ಚಿ ಹಿಂಬಾಗಿಲಿನಿಂದ ಪಕ್ಕದ ದರ್ಜಿಯ ಮನೆಗೆ ಸಾಗಿಸಿದಳು. ದರ್ಜಿಯ ಹೆಂಡತಿ ಅದನ್ನು ಮುಂದಿನ ಮನೆಗೆ ದಾಟಿಸಿದಳು. ಹೀಗೆ ಒಂದೇ ಕೋಳಿ ಮನೆಮನೆಯಲ್ಲೂ ತೂಗಿಸಿಕೊಳ್ಳುತ್ತ ಓಣಿಯ ಕೊನೆಯವರೆಗೂ ಹೋಯಿತು. ಜೀವ ಇದ್ದಾಗಲೂ ಅದು ಅಷ್ಟು ದೂರ ಓಡಾಡಿರಲಿಕ್ಕಿಲ್ಲ.

“ಏನತ್ತೆ ಇದು ನಿಮ್ಮ ನಾಟಕ?” ಎಂದಳು ಕೆಂಡದಕ್ಕ.

“ಹೊರಗಿನವರ ಮುಂದೆ ಖಾಲಿ ಪಾತ್ರೆ ತೋರಿಸ್ತಾರೇನೆ? ದರ್ಜಿ ಹೆಂಡ್ತಿಗೂ ಮಾನ ಮರ್ಯಾದೆ ಬೇಡ್ವಾ?”

ಓಣಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಕೆಂಡದಕ್ಕನೂ ನಕ್ಕಳು, ಸುಳ್ಳೇಕೆ.

ನಗು ನಿಂತದ್ದು ಪಡಿತರ ಅಂಗಡಿಯ ಮುಂದೆ. ಅಂಗಡಿಯವನು ಅಕ್ಕಿ ಅಳೆದು ಕೈ ಒದರಿಕೊಂಡ. “ನಿಮ್ಮ ಓಣಿಗೆ ಬೇಳೆ ನಿಂತಿದೆ. ನೀವೆಲ್ಲ ಈಗ ಮಾಂಸ ತಿನ್ನೋರಂತೆ. ಗತಿ ಇಲ್ಲದವರ ಕಡೆ ಹೋಗುತ್ತೆ ಬೇಳೆ,” ಎಂದ.

ಅಂದು ಮನೆಗೆ ಬಂದವಳೇ ಆಕೆ ಅತ್ತೆಯನ್ನು ಹಿಗ್ಗಾಮುಗ್ಗಾ ಬೈದಳು. “ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂ! ನಿಮ್ಮ ಮಾನ ಉಳೀತು, ಮಕ್ಕಳ ಬೇಳೆ ಹೋಯ್ತು!” ಆಮೇಲೆ ದಿನವೂ ತೆಳ್ಳಗಿನ ಗಂಜಿ, ದಿನವೂ ಅದೇ ಬೈಗುಳ.

ಪಡಿತರ ಕಚೇರಿಯವರನ್ನೂ ಆಕೆ ಬಿಡಲಿಲ್ಲ. ಕೆಲಸ ಬಿಟ್ಟು ಹೋಗಿ ಅಧಿಕಾರಿಯ ಮೇಜಿನ ಮುಂದೆ ನಿಂತಳು. ಆತ ಎಲ್ಲ ಕೇಳಿ, “ಸುಳ್ಳು ಹೇಳಿದ್ದು ನೀವೇ ತಾನೇ?” ಎಂದ.

“ಹೌದು, ನಾವೇ. ಹಸಿವು ಅಂತ ಹೇಳೋಕೂ ನಾಚಿಕೆಪಡೋ ಹಾಗೆ ನಮ್ಮನ್ನ ಇಟ್ಟೋರು ಯಾರು?”

ಕಚೇರಿಯಲ್ಲಿ ಎಲ್ಲರೂ ತಲೆಯೆತ್ತಿ ನೋಡಿದರು. ಆಕೆಯ ಗಂಟಲು ತಡೆಯಲಾರದೆಯೇ ಇರಬೇಕು, ಇನ್ನೊಮ್ಮೆ ತೂಗಿಸುತ್ತೇವೆ, ಲೆಕ್ಕ ತಪ್ಪಿದ್ದರೆ ಬೇಳೆ ಮತ್ತೆ ಬರುತ್ತದೆ ಎಂದು ಮಾತು ಕೊಟ್ಟು ಕಳಿಸಿದರು.

ತಕ್ಕಡಿಯ ಹುಡುಗಿ ಮತ್ತೆ ಬಂದ ದಿನ ಕೆಂಡದಕ್ಕ ಬಿಸಿ ಇಸ್ತ್ರಿಪೆಟ್ಟಿಗೆ ಹಿಡಿದು ಹಿತ್ತಿಲ ಸಂದಿಯಲ್ಲಿ ನಿಂತುಬಿಟ್ಟಳು. “ಇವತ್ತು ಯಾರಾದ್ರೂ ಪಾತ್ರೆ ದಾಟಿಸಿ ನೋಡಿ, ಕೈ ಸುಟ್ಟೇ ಕಳಿಸ್ತೀನಿ!” ಯಾರೂ ದಾಟಿಸಲಿಲ್ಲ. ಮನೆಮನೆಯಲ್ಲೂ ಮುಚ್ಚಳ ತೆರೆಯಿತು. ದರ್ಜಿಯ ಹೆಂಡತಿ ಗೋಡೆಯ ಕಡೆ ಮುಖ ಮಾಡಿ ತನ್ನ ನೀರುಗಂಜಿ ತೂಗಿಸಿದಳು.

ಕೊನೆಗೆ ಕೆಂಡದಕ್ಕನ ಮನೆ. ಮಕ್ಕಳು ಗಂಜಿ, ಉಪ್ಪು ಎಂದು ಹೇಳಿ ಮುಗಿಸಿದರು. ಹುಡುಗಿ ಅತ್ತೆಯ ಕಡೆ ತಿರುಗಿದಳು. “ಅಜ್ಜಿ, ನಿನ್ನೆ ರಾತ್ರಿ ನೀವೇನು ತಿಂದ್ರಿ?”

ಅತ್ತೆ ಸೊಸೆಯ ಮುಖ ನೋಡಿದಳು.

“ನನ್ನ ಮುಖ ಏನ್ ನೋಡ್ತೀರಿ? ನಿಜ ಹೇಳಿ! ಇವತ್ತೂ ಸುಳ್ಳು ಹೇಳಿದ್ರೆ ನಾನು ಸುಮ್ನಿರಲ್ಲ!”

“ಏನೂ ಇಲ್ಲಮ್ಮ,” ಎಂದಳು ಅತ್ತೆ ಹುಡುಗಿಗೆ.

“ಮೊನ್ನೆ?”

“ಮೊನ್ನೇನೂ ಇಲ್ಲ. ಬೇಳೆ ನಿಂತಾಗಿಂದ ರಾತ್ರಿ ಊಟ ಬಿಟ್ಟಿದ್ದೀನಿ. ಬೇಳೆ ಕಳೆದದ್ದು ನಾನೇ ಅಲ್ವಾ? ಮಕ್ಕಳಿಗೆ ಅಷ್ಟಾದ್ರೂ ಉಳೀಲಿ ಅಂತ.”

ದಿನವೂ ಮೇಜು ಎತ್ತಿಟ್ಟು ಒಳಗೆ ಬಂದಾಗ ಕೆಂಡದಕ್ಕ ಕೇಳುತ್ತಿದ್ದಳು, ಉಂಡಾಯ್ತಾ ಎಂದು. ಆಗಲೇ ಆಯ್ತು ಎನ್ನುತ್ತಿದ್ದಳು ಅತ್ತೆ. ಸಿಟ್ಟಿನಲ್ಲಿ ಕೇಳುತ್ತಿದ್ದಳೇ ಹೊರತು ಒಂದು ದಿನವೂ ಆಕೆ ಅತ್ತೆಯ ಮುಖ ನೋಡಿರಲಿಲ್ಲ. ಈಗ ನೋಡಿದಳು. ಕೆನ್ನೆಯಲ್ಲಿ ಮಾಂಸವೇ ಇರಲಿಲ್ಲ.

ಹುಡುಗಿ ಬರೆಯುವುದನ್ನು ಬಿಟ್ಟು ಕೂತಿದ್ದಳು.

“ಏನ್ ಕೂತಿದ್ದೀಯ? ಬರ್ಕೋ!” ಎಂದು ಕೆಂಡದಕ್ಕ ಕಿರುಚಿದಳು. ಒಲೆಯ ಮೇಲಿದ್ದ ಗಂಜಿಯನ್ನೆಲ್ಲ ತಟ್ಟೆಗೆ ಸುರಿದು ಅತ್ತೆಯ ಮುಂದೆ ತಳ್ಳಿದಳು. “ತಿನ್ನಿ!” ಎಂದಳು. ಇಷ್ಟು ತಿಂಗಳು ಬೈದ ದನಿಯೇ. ಬೇರೆ ದನಿ ಆಗ ಬರಲಿಲ್ಲ.

ಅತ್ತೆ ಹೆದರಿ ತಿನ್ನತೊಡಗಿದಳು.