ನೀಲಿ ಬೆರೆಸಿದ ಪುಟ್ಟಿ

ಕೆಂಡಣ್ಣನಿಗೆ ಕೋಪ ಬರುತ್ತದೆ ಎಂದು ಹೇಳುವವರು ಅವನನ್ನು ಸರಿಯಾಗಿ ಬಲ್ಲವರಲ್ಲ. ಹೋಗಿದ್ದರೆ ತಾನೆ ಬರುವುದು? ಬೆಳಗ್ಗೆ ಶೆಡ್ಡಿನ ತಗಡಿನ ಬಾಗಿಲು ಅರ್ಧಕ್ಕೆ ಸಿಕ್ಕಿಕೊಂಡರೆ ಬಾಗಿಲಿಗೆ ಬೈಗುಳ. ತಿನ್ನರ್ ಡಬ್ಬಿಯ ಮುಚ್ಚಳ ಬಿಗಿಯಾಗಿದ್ದರೆ ಮುಚ್ಚಳಕ್ಕೂ, ಅದನ್ನು ಮಾಡಿದವನಿಗೂ, ಅವನನ್ನು ಹೆತ್ತವರಿಗೂ ಬೈಗುಳ. ಕೆಂಡಣ್ಣ ಎನ್ನುವುದು ಬೀದಿಯವರು ಇಟ್ಟ ಹೆಸರು. ಎದುರಿಗೇ ಹಾಗೆ ಕರೆಯುತ್ತಾರೆ. ವಿಚಿತ್ರವೆಂದರೆ ಅದೊಂದಕ್ಕೆ ಅವನಿಗೆ ಸಿಟ್ಟಿಲ್ಲ.

ನಲವತ್ತು ವರ್ಷದಿಂದ ಅವನದು ಒಂದೇ ಕೆಲಸ. ಹಳೆಯ ಉಕ್ಕಿನ ಸೈಕಲ್ ಫ್ರೇಮಿನ ಬಣ್ಣವನ್ನೆಲ್ಲ ಕಿತ್ತು, ಬರಿಮೈ ಮಾಡಿ, ಹೊಸ ಬಣ್ಣ ಹೊಡೆಯುವುದು. ಹಳೆಯದರ ಮೇಲೇ ಒಂದು ಕೈ ಹೊಡೆದುಕೊಡಿ ಎಂದು ಬಂದವರಿಗೆ, "ಸ್ನಾನ ಮಾಡ್ದೆ ಹೊಸ ಅಂಗಿ ಹಾಕ್ಕೊಳ್ಳೋ ಪೈಕಿ ನೀವು, ಬೇರೆ ಕಡೆ ನೋಡ್ಕೊಳ್ಳಿ" ಎಂದು ಮುಖಕ್ಕೆ ಹೊಡೆದಂತೆ ಹೇಳಿ ಕಳಿಸುತ್ತಾನೆ. ಆದರೂ ಜನ ಬರುತ್ತಾರೆ. ಅವನ ಕೈಯಿಂದ ಹೋದ ಫ್ರೇಮಿನಲ್ಲಿ ಒಂದು ಕೊಳವೆ ಇನ್ನೊಂದನ್ನು ಕೂಡುವ ಸಂದು ಎಲ್ಲಿದೆ ಎಂದು ಕಣ್ಣು ಮುಚ್ಚಿ ಬೆರಳಾಡಿಸಿದರೆ ಸಿಗುವುದಿಲ್ಲ. ಅದು ಅವನ ಹೆಮ್ಮೆ. ಬೆಸುಗೆಯ ಉಬ್ಬುತಗ್ಗುಗಳನ್ನೆಲ್ಲ ಪುಟ್ಟಿ ಮೆತ್ತಿ ಮುಚ್ಚಿ, ಉಜ್ಜಿ ಉಜ್ಜಿ ನುಣ್ಣಗೆ ಮಾಡುತ್ತಾನೆ. ಬೂದು ಉಕ್ಕಿನ ಮೇಲೆ ಬೂದು ಪುಟ್ಟಿ ಎಲ್ಲಿಗೆ ಮುಗಿಯಿತೆಂದು ತಿಳಿಯುವುದಿಲ್ಲವಲ್ಲ, ಅದಕ್ಕೆ ಹೆಂಡತಿ ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಚಿಟಿಕೆ ಬೆರೆಸಿಕೊಳ್ಳುತ್ತಾನೆ. ಈ ಉಪಾಯ ಬೇರೆ ಯಾವ ಬಣ್ಣದವನಿಗೂ ಗೊತ್ತಿಲ್ಲ, ಕೇಳಿದವರಿಗೆ ಇವನು ಹೇಳಿಯೂ ಇಲ್ಲ.

ಒಂದು ಮಂಗಳವಾರ ಬೆಳಗ್ಗೆ ಅವನ ಅಕ್ಕ ತನ್ನ ಹಳೆಯ ಸೈಕಲ್ಲಿನ ಬರಿಯ ಫ್ರೇಮನ್ನು ಎಡಗೈಗೆ ತೂಗುಹಾಕಿಕೊಂಡು ಶೆಡ್ಡಿಗೆ ಬಂದಳು. ಅವಳ ಬಲಗೈ ಮಣಿಕಟ್ಟು ಹದಿನೆಂಟು ವರ್ಷದಿಂದ ಬಾಗುವುದಿಲ್ಲ. ಆಸ್ಪತ್ರೆಯಲ್ಲಿ ದಾದಿಯಾಗಿದ್ದವಳು, ಸೂಜಿ ಚುಚ್ಚಿದರೆ ಮಕ್ಕಳೂ ಅಳುತ್ತಿರಲಿಲ್ಲ ಎಂದು ಹೆಸರಾದವಳು. ಕೈ ಹೋದ ಮೇಲೆ ಅವಳನ್ನು ಬಾಗಿಲ ಬಳಿ ಕೂರಿಸಿ ಚೀಟಿ ಹರಿದುಕೊಡುವ ಕೆಲಸಕ್ಕೆ ಹಾಕಿದ್ದರು. ನಿವೃತ್ತಿಯಾಗುವವರೆಗೂ ಅದನ್ನೇ ಮಾಡಿದಳು.

"ಬಣ್ಣ ಹೊಡಿ" ಎಂದಳು, ಫ್ರೇಮನ್ನು ಮೇಜಿನ ಮೇಲೆ ಇಟ್ಟು.

"ಯಾರಿಗೆ?"

"ನನಗೆ ಕಣೋ. ಕೆಲಸಕ್ಕೆ ನಿವೃತ್ತಿ ಆಯ್ತು, ಹೆದರಿಕೆಗೂ ಆಗ್ಲಿ."

"ಆ ಕೈಲಿ ಬ್ರೇಕ್ ಹಿಡೀತೀಯಾ?"

"ಎರಡು ಬ್ರೇಕೂ ಎಡಕ್ಕೆ ಹಾಕಿಸ್ತೀನಿ. ನಿನ್ನ ಭಾಮೈದ ಆಗುತ್ತೆ ಅಂದಿದಾನೆ."

ಕೆಂಡಣ್ಣನ ಮೈಯೆಲ್ಲ ಉರಿದುಹೋಯಿತು. "ಅವನ ಹತ್ರ ಹೋಗಿದ್ಯಾ? ನಿನ್ನ ಕೈ ಮುರಿದವನ ಹತ್ರ? ನಿನಗೆ ನಾಚಿಕೆ ಅನ್ನೋದು ಇದೆಯಾ?"

"ಕೈ ನಂದು. ಯಾರ ಮೇಲೆ ಸಿಟ್ಟು ಮಾಡ್ಬೇಕು ಅಂತ ನಾನು ನೋಡ್ಕೋತೀನಿ. ಹಸಿರು ಹೊಡಿ, ಎಲೆ ಹಸಿರು" ಎಂದು ಹೇಳಿ ಅಕ್ಕ ಹೊರಟೇಹೋದಳು.

ಆ ಭಾವಮೈದುನ ಎಂದರೆ ಕೆಂಡಣ್ಣನ ಹೆಂಡತಿಯ ತಮ್ಮ, ಸೈಕಲ್ ರಿಪೇರಿಯವನು. ಒಂದು ಕಾಲದಲ್ಲಿ ಇಬ್ಬರ ಅಂಗಡಿಗೂ ನಡುವೆ ಒಂದೇ ಗೋಡೆ. ಇವನು ಬಣ್ಣ ಹೊಡೆದರೆ ಅವನು ಜೋಡಿಸುವುದು. ಹದಿನೆಂಟು ವರ್ಷದ ಹಿಂದೆ ಒಂದು ಸಂಜೆ ಅವನು ಅಕ್ಕನ ಸೈಕಲ್ಲನ್ನು ಬಿಚ್ಚಿ, ಗ್ರೀಸ್ ಹಾಕಿ, ಜೋಡಿಸಿ ಕೊಟ್ಟ. ಮರುದಿನ ಬೆಳಗ್ಗೆ ಆಸ್ಪತ್ರೆಯ ಇಳಿಜಾರಿನಲ್ಲಿ ಮುಂದಿನ ಚಕ್ರ ಹಿಂದಕ್ಕೆ ಮಡಚಿಕೊಂಡು ಫ್ರೇಮಿಗೆ ಹೊಡೆಯಿತು. ಅಕ್ಕ ಹ್ಯಾಂಡಲ್ ಮೇಲಿಂದ ಹಾರಿ ಕೈಯೂರಿ ಬಿದ್ದಳು. ದಾರಿಹೋಕರು ಚಕ್ರ ಎಳೆದು ನೆಟ್ಟಗೆ ಮಾಡಿ ಸೈಕಲ್ಲನ್ನು ಮನೆಗೆ ತಳ್ಳಿ ತಂದರು. ಕೆಂಡಣ್ಣ ಬಂದು ನೋಡಿದಾಗ ಹ್ಯಾಂಡಲ್ ಸೊಟ್ಟಗೆ ತಿರುಗಿ ನಿಂತಿತ್ತು. ಅಷ್ಟು ಸಾಕಾಯಿತು. ಅಕ್ಕನ ಗಂಡ ಆ ಸೈಕಲ್ಲನ್ನು ಕಣ್ಣೆತ್ತಿಯೂ ನೋಡದೆ ಅಟ್ಟಕ್ಕೆ ಎಸೆದ.

ಅವತ್ತು ಸಂಜೆ ಕೆಂಡಣ್ಣ ಬೀದಿಯ ನಡುವೆ ನಿಂತು ಬಾಯಿಗೆ ಬಂದಂತೆ ಕೂಗಾಡಿದ. ಹ್ಯಾಂಡಲ್ ನಟ್ಟು ಬಿಗಿ ಮಾಡಲು ಬಾರದವನು ಅಂಗಡಿ ಇಟ್ಟಿದ್ದಾನೆ, ನಮ್ಮಕ್ಕನ ಕೈ ಮುರಿದ, ನಾಳೆ ನಿಮ್ಮದೂ ಮುರಿಯುತ್ತಾನೆ ಎಂದ. ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿದ. ಟೀ ಅಂಗಡಿಯಲ್ಲಿದ್ದವರೆಲ್ಲ ಲೋಟ ಹಿಡಿದು ಹೊರಗೆ ಬಂದು ಕೇಳಿದರು. ಭಾವಮೈದುನ ಆಡಿದ್ದು ಒಂದೇ ಮಾತು. "ನಾನು ಬಿಗಿ ಮಾಡಿದ್ದೆ, ಭಾವ." ಮೂರು ತಿಂಗಳಲ್ಲಿ ಅವನ ಅಂಗಡಿಗೆ ನೊಣವೂ ಬರದಂತಾಯಿತು. ಬಾಗಿಲು ಹಾಕಿ, ರೈಲ್ವೆ ಗೇಟಿನ ಆಚೆಗೆ ಹೋಗಿ ಕೂತ. ಅಲ್ಲಿಂದಾಚೆ ಕೆಂಡಣ್ಣನ ಮನೆಯಲ್ಲಿ ಅವನ ಸುದ್ದಿ ಎತ್ತುವಂತಿಲ್ಲ. ಹೆಂಡತಿ ತಮ್ಮನನ್ನು ನೋಡುತ್ತಿದ್ದುದು ಬೇರೆಯವರ ಮದುವೆಗಳಲ್ಲಿ, ದೂರದಿಂದ. ಇದು ಅನ್ಯಾಯ ಎಂದು ನಿಮಗೆ ಈಗ ಅನಿಸುತ್ತಿರಬಹುದು. ಕೆಂಡಣ್ಣನಿಗೆ ಎಳ್ಳಷ್ಟೂ ಅನಿಸಿರಲಿಲ್ಲ.

ಅಕ್ಕ ಹೋದ ಮೇಲೆ ಅವನು ಫ್ರೇಮಿಗೆ ಬಣ್ಣ ಕೀಳುವ ಮದ್ದನ್ನು ಬಳಿದ. ಕಾಫಿ ಬಣ್ಣ, ಅಪಘಾತಕ್ಕೆ ಎಂಟು ತಿಂಗಳ ಮುಂಚೆ ತಾನೇ ಹೊಡೆದದ್ದು, ಅಟ್ಟದ ಧೂಳಿನಲ್ಲಿ ಬಿದ್ದು ಈಗ ಅಲ್ಲಲ್ಲಿ ಬಿರಿದಿತ್ತು. ಸ್ವಲ್ಪ ಹೊತ್ತಿಗೆ ಅದು ಕಾದ ಹಾಲಿನ ಕೆನೆಯಂತೆ ಸುಕ್ಕಾಗಿ ಎದ್ದಿತು. ತಗಡಿನ ಚೂರಿಯಿಂದ ಕೆರೆದ. ಆಮೇಲೆ ತಂತಿಯ ಬ್ರಶ್ ಹಿಡಿದು ತಿಕ್ಕತೊಡಗಿದ. ಒಂದೊಂದು ತಿಕ್ಕಿಗೂ ಭಾವಮೈದುನನಿಗೆ ಒಂದೊಂದು ಬೈಗುಳ. ಅಕ್ಕನನ್ನು ಒಲಿಸಿಕೊಂಡಿದ್ದಾನೆ ಕಳ್ಳ. ಎರಡು ಬ್ರೇಕು ಎಡಕ್ಕೆ ಹಾಕುತ್ತಾನಂತೆ, ಮೊದಲು ನಟ್ಟು ಹಾಕಲು ಕಲಿಯಲಿ. ಹೀಗೆ ಬೈದುಕೊಂಡೇ ಹಿಂದಿನಿಂದ ಮುಂದಕ್ಕೆ ಬಂದ. ಹ್ಯಾಂಡಲ್ ಕೂರುವ ಕೊಳವೆಗೆ ಕೆಳಗಿನ ಉದ್ದ ಕೊಳವೆ ಸೇರುವ ಸಂದಿನಲ್ಲಿ ನೀಲಿ ಕಾಣಿಸಿತು.

ಕಾಣಿಸಬೇಕಾದದ್ದೇ, ತನ್ನದೇ ಪುಟ್ಟಿ. ಚೂರಿಯ ತುದಿಯಿಂದ ಎಬ್ಬಿಸಿದ. ಪುಟ್ಟಿಯ ಚೂರು ಬಿದ್ದ ಜಾಗದಲ್ಲಿ ಕೊಳವೆಯ ಅರ್ಧ ಸುತ್ತಿನಷ್ಟು ಕೂದಲಿನಂಥ ಒಂದು ಗೆರೆ. ಮೊದಲು ಗೀರು ಅಂದುಕೊಂಡ. ಉಗುರು ಇಟ್ಟರೆ ಉಗುರು ಸಿಕ್ಕಿಕೊಂಡಿತು. ಫ್ರೇಮನ್ನು ಬಾಗಿಲ ಬೆಳಕಿಗೆ ಒಯ್ದು, ಮಂಡಿಯ ನಡುವೆ ಹಿಡಿದು, ಕೊಳವೆಯನ್ನು ಒತ್ತಿದ. ಗೆರೆ ಬಾಯಿ ಬಿಟ್ಟಿತು. ಬಿರುಕು. ಒಳಗೆ ಕಪ್ಪಗೆ ಹಳೆಯ ತುಕ್ಕು, ತುಕ್ಕಿನ ಮೇಲೆ ಆಳದವರೆಗೂ ಇಳಿದ ನೀಲಿ ಪುಟ್ಟಿ.

ಪುಟ್ಟಿ ಬಿರುಕಿನ ಒಳಗೆ ಇಳಿದಿದೆ ಎಂದರೆ ಪುಟ್ಟಿ ಮೆತ್ತುವ ಮೊದಲೇ ಬಿರುಕು ಇತ್ತು. ಇದನ್ನು ತಿಳಿಯಲು ದೊಡ್ಡ ಬುದ್ಧಿ ಬೇಡ. ಇಳಿಜಾರಿನಲ್ಲಿ ಚಕ್ರ ಹಿಂದಕ್ಕೆ ಮಡಚಿದ್ದು ಈ ಬಿರುಕು ಬಾಯಿ ಬಿಟ್ಟದ್ದರಿಂದ, ಹ್ಯಾಂಡಲ್ ಸೊಟ್ಟಗಾದದ್ದು ಬಿದ್ದ ಏಟಿಗೆ. ಎಂಟು ತಿಂಗಳು ಅಕ್ಕ ಅದರ ಮೇಲೆ ಕೂತು ಆಸ್ಪತ್ರೆಗೆ ಹೋಗಿ ಬಂದಿದ್ದಳು. ರಿಪೇರಿಯವನು ಫ್ರೇಮ್ ಕೈಗೆ ಬಂದರೆ ಮೊದಲು ಸಂದು ನೋಡುತ್ತಾನೆ, ಭಾವಮೈದುನನೂ ನೋಡಿಯೇ ಇರುತ್ತಾನೆ. ಕಂಡಿದ್ದೇನು? ಊರೆಲ್ಲ ಹೊಗಳುವ ಕೆಂಡಣ್ಣನ ನುಣುಪು. ಬೆರಳಿಗೆ ಗೆರೆ ಸಿಕ್ಕಾಗ ಬೆಸುಗೆಯ ತಗ್ಗು ಎಂದುಕೊಂಡು ಹೆಬ್ಬೆರಳಲ್ಲಿ ಪುಟ್ಟಿ ಒತ್ತಿದವನು, ಉಜ್ಜಿ ಮಾಯ ಮಾಡಿದವನು, ಅದಕ್ಕೆ ಬೆನ್ನು ಚಪ್ಪರಿಸಿಕೊಂಡವನು ತಾನು.

ಕೆಂಡಣ್ಣ ಸುಲಭಕ್ಕೆ ಸೋಲುವ ಪೈಕಿಯಲ್ಲ. ಫ್ರೇಮ್ ಮಾಡಿದ ಕಾರ್ಖಾನೆಯವರಿಗೆ ಬೈದ. ಆಸ್ಪತ್ರೆಯ ರಸ್ತೆಗೆ ಬೈದ. ಹಿಂದಿನ ಸೀಟಿನಲ್ಲಿ ಅಕ್ಕಿ ಮೂಟೆ ಹೇರುತ್ತಿದ್ದ ಅಕ್ಕನಿಗೂ ಬೈದ. ಬೈಗುಳ ಒಂದೂ ಅಂಟಲಿಲ್ಲ. ಆಮೇಲೆ ಬೈಯಲು ಯಾರೂ ಉಳಿಯಲಿಲ್ಲ.

ಬರಿಮೈ ಉಕ್ಕಿಗೆ ಅದೇ ದಿನ ಪ್ರೈಮರ್ ಕಾಣಿಸಬೇಕು, ಇಲ್ಲದಿದ್ದರೆ ತುಕ್ಕು ಕೂರುತ್ತದೆ. ಹಿಂದಿನ ಬೀದಿಯ ವೆಲ್ಡಿಂಗಿನವನ ಹತ್ತಿರ ಹೋದರೆ ಕಾಲು ಗಂಟೆಯಲ್ಲಿ ಬಿರುಕಿಗೆ ಬೆಸುಗೆ. ಮೇಲೆ ಎರಡು ಕೈ ಪ್ರೈಮರ್, ಮೂರು ಕೈ ಎಲೆ ಹಸಿರು. ಅಕ್ಕನಿಗೂ ಅಪಾಯವಿಲ್ಲ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅವನು ಪ್ರೈಮರ್ ಡಬ್ಬಿ ತೆರೆದು, ಕಡ್ಡಿ ಹಾಕಿ ಕಲಕುತ್ತ ಕೂತ.

ಶೆಡ್ಡಿಗೆ ಅಂಟಿಕೊಂಡೇ ಮನೆ. ಹೆಂಡತಿ ಟೀ ತಂದಳು. "ಯಾಕ್ರೀ, ಬೈಗುಳಾನೇ ಕೇಳಿಸ್ತಿಲ್ಲ? ಹುಷಾರಿಲ್ವಾ?"

ಅವನು ಫ್ರೇಮಿನ ಮೇಲೆ ಗೋಣಿತಾಟು ಎಳೆದ.

ಅವಳು ಲೋಟ ಇಟ್ಟವಳು ಹೋಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿದಳು. "ನಿಮ್ಮಕ್ಕ ಹೇಳಿದ್ದು ಕೇಳಿಸ್ತು. ಬ್ರೇಕು ಹಾಕೋಕೆ ಅವನು ಇಲ್ಲಿಗೇ ಬರ್ತಾನಾ? ಬಂದ್ರೆ ನಾನು ಮಾತಾಡಲ್ಲ. ಒಳಗೇ ಇರ್ತೀನಿ. ಸುಮ್ನೆ ಕೇಳಿದೆ."

"ಹೋಗು ಒಳಗೆ" ಎಂದು ಕಿರುಚಿದ. ಅವಳು ಹೋದಳು. ಹದಿನೆಂಟು ವರ್ಷದಿಂದ ಹೀಗೆ ಹೋಗು ಎಂದಾಗಲೆಲ್ಲ ಹೋಗಿದ್ದಳು. ಕೆಂಡಣ್ಣನಿಗೆ ಬಂದ ಸಿಟ್ಟಿಗೆ ಕಲಕುತ್ತಿದ್ದ ಕಡ್ಡಿ ಎರಡು ತುಂಡಾಯಿತು, ಆದರೆ ಈ ಸಿಟ್ಟು ಹೊರಗೆ ಎಲ್ಲಿಗೂ ಹೋಗುವಂಥದ್ದಲ್ಲ. ಅವನಿಗೆ ತನ್ನ ಮುಖಕ್ಕೇ ಉಗಿಯಬೇಕು ಎನಿಸಿತು. ಫ್ರೇಮನ್ನು ಗೋಣಿತಾಟಿನಲ್ಲಿ ಸುತ್ತಿ, ರೈಲ್ವೆ ಗೇಟಿನ ಕಡೆ ನಡೆದ.

ಭಾವಮೈದುನ ಚಕ್ರವೊಂದನ್ನು ತಿರುಗಿಸಿ ಸೊಟ್ಟ ತೆಗೆಯುತ್ತಿದ್ದ. ತಲೆ ಪೂರ್ತಿ ನೆರೆತಿತ್ತು. ಕೆಂಡಣ್ಣನನ್ನು ಕಂಡು ಎದ್ದು ನಿಂತ, ಬನ್ನಿ ಎನ್ನಲಿಲ್ಲ. ಕೆಂಡಣ್ಣ ತಾಟು ಬಿಚ್ಚಿ ಫ್ರೇಮನ್ನು ಅವನ ಮುಂದೆ ಇಟ್ಟು, ಸಂದಿಗೆ ಬೆರಳು ತೋರಿಸಿದ.

ಭಾವಮೈದುನ ಬಗ್ಗಿ ನೋಡಿದ. ನೀಲಿಯನ್ನು ಉಗುರಿನಿಂದ ಕೆರೆದ.

"ತಪ್ಪು ನಂದು" ಎಂದ ಕೆಂಡಣ್ಣ.

"ಅವತ್ತು ಇಷ್ಟು ಮೆಲ್ಲಗೆ ಹೇಳಿರ್ಲಿಲ್ಲ ನೀವು."

"ಗೊತ್ತಾಗ್ಲಿಲ್ಲ ಕಣೋ. ಗೊತ್ತಿದ್ದೂ ಮಾಡಿದ್ದಲ್ಲ."

"ನನಗೇನು ಗೊತ್ತಿತ್ತು, ಭಾವ?" ಅವನ ದನಿ ಏರಿತು. "ಹದಿನೆಂಟು ವರ್ಷ ದಿನಾ ಆ ನಟ್ಟು ಬಿಗಿ ಮಾಡಿದೀನಿ. ಊಟಕ್ಕೆ ಕೂತಾಗ, ಹಾಸಿಗೇಲಿ, ದಾರೀಲಿ. ಬಿಗಿ ಮಾಡಿದ್ದೆ ಅಂತ ಮೊದಮೊದಲು ಖಾತ್ರಿ ಇತ್ತು. ಆಮೇಲೆ ನನಗೇ ಅನುಮಾನ ಬಂತು. ನಾನೇ ಇರ್ಬೇಕು ಅಂದ್ಕೊಂಡುಬಿಟ್ಟೆ. ನಿಮ್ಮಕ್ಕನ ಕಾಲಿಗೆ ಬಿದ್ದು ಬಂದೆ, ನಾನೇ ಮಾಡಿದ್ದು ಅಂತ. ಗೊತ್ತಾ ನಿಮಗೆ?"

ಗೊತ್ತಿರಲಿಲ್ಲ. ಅಕ್ಕ ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ.

"ಬನ್ನಿ" ಎಂದು ಭಾವಮೈದುನ ಫ್ರೇಮನ್ನು ತಾನೇ ಎತ್ತಿಕೊಂಡ. "ಅವತ್ತು ಎಲ್ಲಿ ಹೇಳಿದ್ರೋ ಅಲ್ಲೇ ಹೇಳಿ. ಅಷ್ಟೇ ಜೋರಾಗಿ."

ಬೀದಿಗೆ ಬಂದು, ಶೆಡ್ಡಿನ ಎದುರು, ಅದೇ ಜಾಗದಲ್ಲಿ ಕೆಂಡಣ್ಣ ನಿಂತ. ಸುತ್ತ ನೋಡಿದ. ದರ್ಜಿ ತೀರಿಕೊಂಡು ಆರು ವರ್ಷ. ಟೀ ಅಂಗಡಿ ಇದ್ದಲ್ಲಿ ಮೊಬೈಲ್ ಅಂಗಡಿ. ಅವತ್ತು ಲೋಟ ಹಿಡಿದು ನಿಂತವರಲ್ಲಿ ಒಬ್ಬನೂ ಕಣ್ಣಿಗೆ ಬೀಳಲಿಲ್ಲ. ಆದರೂ ಕೂಗಿದ. ನಮ್ಮಕ್ಕನ ಕೈ ಮುರಿದದ್ದು ಇವನಲ್ಲ, ನಾನು, ಬಿರುಕು ಮುಚ್ಚಿ ಬಣ್ಣ ಹೊಡೆದವನು ನಾನು, ಇವನ ಅಂಗಡಿ ಮುಚ್ಚಿಸಿದವನು ನಾನು ಎಂದು ಕುತ್ತಿಗೆಯ ನರ ಉಬ್ಬುವಂತೆ ಕೂಗಿದ.

ಸ್ಕೂಟರಿನವನೊಬ್ಬ ಹಾರ್ನ್ ಹೊಡೆದು ಪಕ್ಕದಿಂದ ಹೋದ. ಮೊಬೈಲ್ ಅಂಗಡಿಯವನು ಗಾಜು ಒರೆಸುತ್ತಲೇ ನಕ್ಕು, "ಕೆಂಡಣ್ಣ, ಇವತ್ತು ಯಾರ ಮೇಲೆ?" ಎಂದ.

"ನನ್ನ ಮೇಲೆ" ಎಂದ ಕೆಂಡಣ್ಣ.

ಅಂಗಡಿಯವನು ಇನ್ನೂ ಜೋರಾಗಿ ನಕ್ಕ. ದಿನಾ ಕೇಳುವ ಕೂಗು, ಒಳಗಿನ ಮಾತಿಗೆ ಯಾರು ಕಿವಿ ಕೊಡುತ್ತಾರೆ. ಭಾವಮೈದುನ ಬೀದಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದ. ಅವನ ಮರ್ಯಾದೆ ತೆಗೆಯುವಾಗ ತುಂಬಿ ನಿಂತಿದ್ದ ಬೀದಿ ಅದು. ವಾಪಸ್ ಕೊಡುವಾಗ ತೆಗೆದುಕೊಳ್ಳಲು ಒಬ್ಬರೂ ಇರಲಿಲ್ಲ. ಅವನು ಫ್ರೇಮನ್ನು ಕೆಂಡಣ್ಣನ ಕೈಗೆ ಕೊಟ್ಟು, ಹೋಗಲು ತಿರುಗಿದ.

ಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವಳು ಪ್ರತಿಯೊಂದು ಮಾತನ್ನೂ ಕೇಳಿದ್ದಳು. ಇಳಿದು ಬಂದು ತಮ್ಮನ ತೋಳು ಹಿಡಿದುಕೊಂಡಳು. "ಒಳಗೆ ನಡಿ" ಎಂದಳು.

ಕೆಂಡಣ್ಣ ಹಿಂದೆಯೇ ಹೆಜ್ಜೆ ಇಟ್ಟ. ಅವಳು ತಿರುಗಿ ನಿಂತಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳ ಮುಖದಲ್ಲಿ ಅಂಥ ಸಿಟ್ಟನ್ನು ಅವನು ಕಂಡಿರಲಿಲ್ಲ.

"ಬೀದಿಗೆ ಹೇಳಿದ್ದಾಯ್ತಲ್ಲ. ಆ ಕೈಗೂ ಹೋಗಿ ಹೇಳಿ. ಹೇಳಿ ಆಮೇಲೆ ಈ ಬಾಗಿಲಿಗೆ ಬನ್ನಿ."

ಕೆಂಡಣ್ಣ ಫ್ರೇಮನ್ನು ಹೆಗಲಿಗೆ ಏರಿಸಿಕೊಂಡು ಅಕ್ಕನ ಮನೆಯ ಕಡೆ ಹೊರಟ.