ಹಾರ್ನಿಗೆ ಎಡಕ್ಕೆ ಸರಿಯುವ ಎತ್ತುಗಳು

ಹೊಸಪೇಟೆ ಸಂತೆಯಿಂದ ಮಲಪನಗುಡಿಗೆ ಬರುತ್ತಿದ್ದ ನಮ್ಮ ಬಂಡಿಗೆ, ನಡುಮಧ್ಯಾಹ್ನ, ಸಂಡೂರಿನ ಸಾಹುಕಾರರೊಬ್ಬರ ಕಾರು ಹಿಂದಿನಿಂದ ಗುದ್ದಿತು. ಅಪ್ಪ ಕೆಳಗೆ ಬಿದ್ದ, ಬಂಡಿಯ ಗಾಲಿ ಅವನ ಕಾಲ ಮೇಲೆ ಹೋಯಿತು. ಆಮೇಲೆ ಅವನು ಹೊಲ ಉಳುವ ಹಾಗಿರಲಿಲ್ಲ. ತಪ್ಪು ಕಾರಿನದೆಂದು ಕೋರ್ಟು ಹೇಳಿದರೆ ಪರಿಹಾರ ಸಿಗುತ್ತಿತ್ತು; ಇಲ್ಲವಾದರೆ ಎತ್ತುಗಳನ್ನು ಮಾರಬೇಕಿತ್ತು.

ಕಾರಿನ ಡ್ರೈವರು ಕಟಕಟೆ ಹತ್ತಿ, ನಾಲ್ಕು ಸಲ ಹಾರ್ನ್ ಹೊಡೆದರೂ ಬಂಡಿ ನಡುರಸ್ತೆ ಬಿಡಲಿಲ್ಲ, ಬಂಡಿಯವನು ಗೊರಕೆ ಹೊಡೆಯುತ್ತಿದ್ದ ಎಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಎಚ್ಚರವಿದ್ದೆ ಎಂದೇ ಹೇಳಬೇಕೆಂದು ನಮ್ಮ ವಕೀಲರು ಅಪ್ಪನಿಗೆ ಗಿಣಿಪಾಠ ಮಾಡಿಸಿದ್ದರು. ಅಪ್ಪ ಅದನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಹೋದ.

"ನಿದ್ದಿ ಹತ್ತಿತ್ರಿ, ಖರೇನ. ಆದ್ರ ಮಲಗಿದಾವ ನಾ, ಎತ್ತಲ್ಲ. ಹಾರ್ನ್ ಹೊಡದಿದ್ರ ಅವು ಎಡಕ್ಕ ಸರದು ನಿಂದರ್ತಿದ್ವು."

ಕೋರ್ಟೆಲ್ಲ ನಕ್ಕಿತು. ನನಗೆ ಮೈ ಉರಿಯಿತು. ಸಂತೆಯಿಂದ ಬರುವಾಗ ಬಂಡಿಯಲ್ಲಿ ಕಣ್ಣು ಮುಚ್ಚದ ರೈತ ನಮ್ಮ ಸೀಮೆಯಲ್ಲಿ ಯಾರಿದ್ದ? ಮನೆಯ ದಾರಿ ಎತ್ತಿಗೆ ಗೊತ್ತಿರುತ್ತದೆ.

ಮುನಸೀಫರು ಮಾತ್ರ ನಗಲಿಲ್ಲ. "ನೋಡಿಯೇಬಿಡೋಣ" ಎಂದು ಎದ್ದರು.

ಅಪ್ಪ ಬಿದ್ದ ಜಾಗಕ್ಕೇ ಎಲ್ಲರೂ ಹೋದೆವು; ನೋಡಲು ಊರ ಗಂಡಸರೂ ಹೆಂಗಸರೂ ಬಂದು ನೆರೆದಿದ್ದರು. ಖಾಲಿ ಬಂಡಿಯನ್ನು ನಡುರಸ್ತೆಯಲ್ಲಿ ಹೊರಡಿಸಿದರು, ಹಿಂದೆ ಅದೇ ಕಾರು, ಅದೇ ಡ್ರೈವರು. ಮುನಸೀಫರು ಕೈ ಎತ್ತಿದರು, ಹಾರ್ನ್ ಆಯಿತು. ಎತ್ತುಗಳು ಎಡಕ್ಕೆ ಸರಿದು, ಮಣ್ಣಿನ ಅಂಚಿಗೆ ಇಳಿದು ನಿಂತವು. ಮೂರು ಸಲ ಮಾಡಿಸಿದರು, ಮೂರು ಸಲವೂ ಹಾಗೆಯೇ. ಕೇಸಿಗೆಂದೇ ಕಲಿಸಿದ್ದಾರೆ ಎಂದು ಸಾಹುಕಾರರ ವಕೀಲರು ತಕರಾರು ತೆಗೆದರು. ಆ ದಾರಿಯಲ್ಲಿ ಬಸ್ಸು ಓಡಿಸುವವನೇ ಮುಂದೆ ಬಂದು, "ಮೂರು ವರ್ಷದಿಂದ ನೋಡಾಕತ್ತೀನ್ರಿ, ಇವು ಹಿಂಗ" ಎಂದ.

ನಿಂತ ಎತ್ತುಗಳು ಕತ್ತು ಹೊರಳಿಸಿ ಹೆಂಗಸರ ಗುಂಪನ್ನೇ ನೋಡುತ್ತಿದ್ದವು. ಅಲ್ಲೇನಿದೆ ಎಂದು ಮುನಸೀಫರು ಕೇಳಿದರು.

ಅಪ್ಪ ತಲೆ ತಗ್ಗಿಸಿದ. ಈ ಜೋಡಿಯನ್ನು ಪಳಗಿಸಿದವ ನಾನೇ ಎಂದು ಊರೆಲ್ಲ ಮೀಸೆ ತಿರುವಿದವನು ಅವನು. ನಿಜವೇನೆಂದರೆ, ಅವನು ಕಂಪ್ಲಿಗೆ ಕಬ್ಬು ಕಡಿಯಲು ಹೋಗಿದ್ದ ವರ್ಷ ಬಂಡಿ ಹೂಡಿದ್ದು ಅವ್ವ. ಮೋಟಾರಿನ ಹಾರ್ನ್ ಕೇಳಿದಾಗಲೆಲ್ಲ ಎಡಕ್ಕೆ ಹಗ್ಗ ಜಗ್ಗಿ, ನಿಲ್ಲಿಸಿ, ಒಂದೊಂದು ಹಿಡಿ ಶೇಂಗಾ ಹಿಂಡಿ ತಿನ್ನಿಸಿ ಕಲಿಸಿದ್ದಳು. ಹೆಂಗಸು ಬಂಡಿ ಹೊಡೆದಳೆಂದರೆ ಜನ ಆಡಿಕೊಂಡಾರೆಂದು ಅಪ್ಪ ಆ ಮಾತನ್ನೇ ಮುಚ್ಚಿಬಿಟ್ಟಿದ್ದ.

ಊರುಗೋಲು ಊರಿ ತಲೆ ಎತ್ತಿದ. "ಅವು ನನ್ನ ಹೆಂಡ್ತೀನ್ನ ನೋಡಾಕತ್ಯಾವ್ರಿ. ಕಲಿಸಿದಾಕಿ ಆಕಿ. ನಾ ಊರ ಮುಂದ ಇಷ್ಟು ದಿನ ಸುಳ್ಳು ಹೇಳಿದೆ."

ಅವ್ವ ಉಡಿಯಲ್ಲಿ ಹಿಂಡಿ ಕಟ್ಟಿಕೊಂಡೇ ಬಂದಿದ್ದಳು. ಮೋಸವೆಂದಾರೆಂದು ಅಷ್ಟು ಹೊತ್ತೂ ಬಿಚ್ಚಿರಲಿಲ್ಲ. ಎಲ್ಲರೆದುರೇ ಹೋಗಿ ಎರಡಕ್ಕೂ ತಿನ್ನಿಸಿದಳು. ನನ್ನ ಎದೆ ಉಬ್ಬಿತು, ಇವತ್ತಿಗೂ ಇಳಿದಿಲ್ಲ.

ಬಂಡಿಯಲ್ಲಿ ನಿದ್ದೆ ಮಾಡಿದ್ದು ಸರಿಯಲ್ಲ, ಆದರೆ ಕಾಲು ಮುರಿದದ್ದು ಆ ನಿದ್ದೆಯಿಂದಲ್ಲ, ಹೊಡೆಯದ ಹಾರ್ನಿನಿಂದ ಎಂದು ತೀರ್ಪಾಯಿತು. ಎತ್ತುಗಳು ಮನೆಯಲ್ಲೇ ಉಳಿದವು. ಆಮೇಲೆ ಸಂತೆಯಲ್ಲಿ ಯಾರಾದರೂ ಜೋಡಿ ಭಾಳ ಚಲೋ ಐತಿ, ಯಾರವು ಎಂದು ಕೇಳಿದರೆ, ಅಪ್ಪ ಮೀಸೆ ಮುಟ್ಟುತ್ತಿರಲಿಲ್ಲ.

"ನಮ್ಮಾಕೀವು" ಎನ್ನುತ್ತಿದ್ದ.